ಕಣ್ಣಿಗೆ ಕಾಣದ ಯಜಮಾನರು

ನಮ್ಮ ನಗರದ ಪಶ್ಚಿಮಕ್ಕೆ ಮಾಗಡಿ ರಸ್ತೆಯ ಮೇಲಿರುವ ಸುಂಕದಕಟ್ಟೆಯು ತನ್ನ ಹೆಸರಿನಲ್ಲಿಯೇ ಒಂದು ಹಳೆಯ ವ್ಯವಸ್ಥೆಯ ಗುರುತನ್ನು ಉಳಿಸಿಕೊಂಡಿದೆ. ಅಂಥ ಕಟ್ಟೆಗಳಲ್ಲಿ ಸುಂಕವೆತ್ತುವವನು ಎಲ್ಲರ ಕಣ್ಣಿಗೂ ಕಾಣುವಂತೆ ಕುಳಿತಿರುತ್ತಿದ್ದನು. ದರವು ಹೆಚ್ಚೆಂದು ತೋರಿದರೆ ಅವನೊಡನೆ ವಾದಿಸಬಹುದಾಗಿತ್ತು. ಇಂದು ಅದೇ ರಸ್ತೆಯಲ್ಲಿ ಊಟದ ಪೊಟ್ಟಣಗಳನ್ನು ಹೊತ್ತು ಮಳೆಬಿಸಿಲೆನ್ನದೆ ಓಡಾಡುವ ತರುಣರ ದುಡಿಮೆಯ ದರವನ್ನು ಗೊತ್ತುಮಾಡುವವರು ಯಾರೆಂಬುದು ಆ ತರುಣರಿಗೇ ತಿಳಿಯದು. ಮೊಬೈಲಿನೊಳಗಿನ ಆಪ್ ಒಂದೇ ಅವರಿಗೆ ಯಜಮಾನ, ಗುಮಾಸ್ತ ಮತ್ತು ನ್ಯಾಯಾಧೀಶ.

ಇಲ್ಲಿಗೆ ಸಮೀಪದ ಪೀಣ್ಯದ ಕಾರ್ಖಾನೆಗಳಲ್ಲಿಯೂ ಗಣಕದ ಆಜ್ಞೆಯಂತೆ ನಡೆಯುವ ಸಿಎನ್‌ಸಿ ಯಂತ್ರಗಳು ಬಂದು ಬಹುಕಾಲವಾಯಿತು. ಆದರೆ ಕಾರ್ಖಾನೆಯ ಕೆಲಸಗಾರನಿಗೆ ಕಾನೂನಿನ ಆಸರೆಯುಂಟು. 1948ರಲ್ಲಿಯೇ ಫ್ಯಾಕ್ಟರಿ ಕಾಯಿದೆಯೂ ನೌಕರರ ರಾಜ್ಯ ವಿಮಾ ಕಾಯಿದೆಯೂ ಬಂದುದರ ಫಲವಾಗಿ ಅವನ ಕೆಲಸದ ವೇಳೆಗೆ ಮಿತಿಯೂ, ಕಾಯಿಲೆಯಾದಾಗ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಂಥ ಆಶ್ರಯವೂ ದೊರೆತವು. ಆಪ್‌ನ ದುಡಿಮೆಗಾರನಿಗಾದರೋ ಕಂಪೆನಿಗಳವರು ‘ಪಾಲುದಾರ’ನೆಂಬ ಗೌರವದ ಹೆಸರನ್ನಿತ್ತರು. ಲಾಭದಲ್ಲಿ ಪಾಲಿಲ್ಲದೆ ಅಪಾಯದಲ್ಲಿ ಮಾತ್ರ ಪಾಲುಳ್ಳ ಈ ಪಾಲುದಾರಿಕೆಯು ವಿಚಿತ್ರವಾದುದೇ ಸರಿ. ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯಂತೆ 2020-21ರಲ್ಲಿ ದೇಶದಲ್ಲಿ ಇಂಥವರ ಸಂಖ್ಯೆ 77 ಲಕ್ಷ. 2029-30ರ ವೇಳೆಗೆ ಅದು 2.35 ಕೋಟಿಗೇರಬಹುದೆಂದು ಅಂದಾಜು. ಇದು ಯಾವುದೋ ಒಂದು ಬಡಾವಣೆಯ ಪ್ರಶ್ನೆಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ವಿಷಯದಲ್ಲಿ ರಾಜಸ್ಥಾನವು 2023ರಲ್ಲಿ ಮೊದಲ ಹೆಜ್ಜೆಯಿಟ್ಟಿತು. ನಮ್ಮ ರಾಜ್ಯವು 2025ರಲ್ಲಿ ಕಾಯಿದೆಯನ್ನು ಮಾಡಿದೆ. ಪ್ರತಿಯೊಂದು ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ಮೇಲೆ ಶೇಕಡ 1ರಿಂದ 5ರವರೆಗೆ ಕ್ಷೇಮನಿಧಿಯ ಶುಲ್ಕವನ್ನು ಕಂಪೆನಿಗಳು ತೆರಬೇಕು. ಕ್ಷೇಮಾಭಿವೃದ್ಧಿ ಮಂಡಲಿಯೊಂದು ಏರ್ಪಡಬೇಕು. ಕೆಲಸದಿಂದ ತೆಗೆಯುವುದಕ್ಕೆ ಮುಂಚೆ ಸಾಮಾನ್ಯವಾಗಿ 14 ದಿವಸಗಳ ನೋಟೀಸು ಕೊಡಬೇಕು. ಗಣಕವು ತನ್ನಷ್ಟಕ್ಕೆ ಮಾಡುವ ತೀರ್ಮಾನಗಳ ರೀತಿಯನ್ನು ಕೆಲಸಗಾರನು ಕೇಳಿ ತಿಳಿಯಬಹುದು. ಈ ಕಡೆಯ ಅಂಶವೇ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಕೂಲಿ ಕಡಮೆಯಾದುದಕ್ಕಿಂತಲೂ ಅದು ಏಕೆ ಕಡಮೆಯಾಯಿತೆಂದು ತಿಳಿಯದಿರುವುದು ಮನುಷ್ಯನ ಧೈರ್ಯವನ್ನು ಹೆಚ್ಚಾಗಿ ಕುಂದಿಸುತ್ತದೆ.

ವ್ಯಾಪಾರದಲ್ಲಿಯೂ ಬದಲಾವಣೆ ಕಡಮೆಯದಲ್ಲ. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯು ಸೊಪ್ಪಿನ ಗಾಡಿಯವರೆಗೂ ಬಂದಿತು. ಚಿಲ್ಲರೆಯ ತೊಂದರೆ ತಪ್ಪಿತು. ಆದರೆ 2025ರ ಜುಲೈ ತಿಂಗಳಲ್ಲಿ ಅದೇ ಲೆಕ್ಕಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯವರು ಸಣ್ಣ ವರ್ತಕರಿಗೆ ನೋಟೀಸುಗಳನ್ನು ಕಳುಹಿಸಿದಾಗ, ನಗರದ ಅನೇಕ ಅಂಗಡಿಗಳವರು ಕ್ಯೂಆರ್ ಕೋಡನ್ನು ಕಿತ್ತು ‘ನಗದು ಮಾತ್ರ’ ಎಂಬ ಫಲಕವನ್ನು ತೂಗುಹಾಕಿದರು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಅವಶ್ಯಕವೆಂಬುದು ಹೊಸ ನಿಯಮವಲ್ಲ. ಅದನ್ನು ಮೊದಲೇ ತಿಳಿಯಹೇಳುವವರಿರಲಿಲ್ಲ, ಅಷ್ಟೆ. ಸರ್ಕಾರದವರು ವರ್ತಕರೊಡನೆ ಮಾತನಾಡಿ ಬಿಗಿಯನ್ನು ಸಡಿಲಿಸಿದರೆಂಬುದು ಸಮಾಧಾನಕರ. ಪ್ರಜೆಗೆ ಸಾಧನವನ್ನು ಕೊಡುವವರು ಅದರ ನಿಯಮವನ್ನೂ ಜೊತೆಯಲ್ಲಿಯೇ ಕಲಿಸತಕ್ಕದ್ದು.

ವಿದ್ಯಾಭ್ಯಾಸದ ವಿಷಯದಲ್ಲಿ 2020ನೆಯ ವರ್ಷವು ಕಲಿಸಿದ ಪಾಠವನ್ನು ಮರೆಯಲಾಗದು. ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿ ಪಾಠವು ಮೊಬೈಲನ್ನು ಸೇರಿದಾಗ, ಮನೆಗೊಂದೇ ಮೊಬೈಲಿದ್ದು ಅದೂ ತಂದೆಯೊಡನೆ ಕೆಲಸಕ್ಕೆ ಹೋಗುತ್ತಿದ್ದ ಮಕ್ಕಳು ಪಾಠಕ್ಕೆ ಎರವಾದರು. ಆಗ ‘ವಿದ್ಯಾಗಮ’ ಯೋಜನೆಯಂತೆ ಉಪಾಧ್ಯಾಯರು ಮಕ್ಕಳಿರುವಲ್ಲಿಗೇ ಹೋಗಿ ದೇವಸ್ಥಾನದ ಜಗುಲಿಯಲ್ಲಿಯೂ ಮರದ ನೆಳಲಿನಲ್ಲಿಯೂ ಕಲಿಸಿದರು. ಸೋಂಕಿನ ಭಯದಿಂದ ಅದೇ ಅಕ್ಟೋಬರಿನಲ್ಲಿ ಅದು ನಿಂತರೂ, ಯಂತ್ರವು ಗುರುವಿಗೆ ಸಹಾಯಕವಾಗಬಲ್ಲುದೇ ಹೊರತು ಗುರುವಿನ ಸ್ಥಾನವನ್ನು ತುಂಬಲಾರದೆಂಬುದು ಸಿದ್ಧವಾಯಿತು. ಪ್ರಶ್ನೆ ಕೇಳಿದೊಡನೆ ಉತ್ತರ ಬರೆದುಕೊಡುವ ಕೃತಕ ಬುದ್ಧಿಯ ಇಂದಿನ ಕಾಲದಲ್ಲಿ ಇದನ್ನು ಮತ್ತಷ್ಟು ನೆನೆಯಬೇಕು. ಉತ್ತರವು ಸುಲಭವಾದಷ್ಟೂ ವಿವೇಚನೆಯನ್ನು ಕಲಿಸುವವರ ಅವಶ್ಯಕತೆ ಹೆಚ್ಚುತ್ತದೆ.

ಹೊಸ ಸಾಧನಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದೂರದ ಹಳ್ಳಿಯಲ್ಲಿರುವ ತಾಯಿಯ ಮುಖವನ್ನು ಬಾಡಿಗೆಯ ಕೊಠಡಿಯಿಂದಲೇ ಕಾಣುವ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳಿಗೆ ಅವು ಉಪಕಾರವನ್ನೇ ಮಾಡಿವೆ. 2022ರಲ್ಲಿ ಬೆಂಗಳೂರಿನ ಆಟೋ ಚಾಲಕರ ಸಂಘವೊಂದರ ಸಹಕಾರದಿಂದ ‘ನಮ್ಮ ಯಾತ್ರಿ’ ಆಪ್ ಹೊರಟು, ಬಾಡಿಗೆಯಲ್ಲಿ ಪಾಲು ಕೇಳದೆಯೂ ವ್ಯವಹಾರ ನಡೆಯಬಹುದೆಂದು ತೋರಿಸಿತು. ಸಾಧನವು ಯಾರ ಕೈಯಲ್ಲಿದೆ, ಅದರ ನಿಯಮವನ್ನು ಯಾರು ಬರೆಯುತ್ತಾರೆ ಎಂಬುದೇ ಮುಖ್ಯ.

ಆದುದರಿಂದ ಅಧಿಕಾರಿವರ್ಗದವರಲ್ಲಿ ನಮ್ಮ ಸೂಚನೆಯಿಷ್ಟು. ಕಾಯಿದೆಯು ಕಡತದಲ್ಲಿ ಮಲಗಬಾರದು. ಸುಂಕದಕಟ್ಟೆಯಂಥ ಪ್ರತಿಯೊಂದು ಬಡಾವಣೆಯಲ್ಲಿಯೂ ಕೆಲಸಗಾರನು ಕನ್ನಡದಲ್ಲಿ ದೂರು ಹೇಳಿ ಕನ್ನಡದಲ್ಲಿ ಉತ್ತರ ಪಡೆಯುವ ಒಂದು ಕೊಠಡಿಯೂ, ಅಲ್ಲಿ ಹೆಸರುಳ್ಳ ಒಬ್ಬ ಅಧಿಕಾರಿಯೂ ಇರಬೇಕು. ವಿದ್ಯಾವಂತರಾದ ನಾಗರಿಕರು ನೆರೆಯವರಿಗೆ ಆ ದೂರನ್ನು ಬರೆದುಕೊಟ್ಟರೂ ದೊಡ್ಡ ಸೇವೆಯೇ ಆದೀತು.