ಹಿಮ್ಮಡಿಯ ಬಿರುಕಿನಿಂದ ಬರುವ ಜ್ವರ

ರೋಗಾಣುಗಳು ನಮ್ಮ ಶರೀರವನ್ನು ಪ್ರವೇಶಿಸುವ ದಾರಿಗಳು ಹಲವು. ಕಾಲರಾ, ವಿಷಮಶೀತ ಜ್ವರಗಳ ರೋಗಾಣುಗಳು ಕಲುಷಿತ ನೀರು, ಆಹಾರಗಳೊಡನೆ ಬಾಯಿಯ ಮೂಲಕ ಬರುತ್ತವೆ. ಕ್ಷಯದ ರೋಗಾಣುಗಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರುತ್ತವೆ. ಮಲೇರಿಯಾಕ್ಕೆ ಸೊಳ್ಳೆ ವಾಹನವಾದರೆ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಗೆ ಉಣ್ಣೆಯೇ ವಾಹನ. ಕೋಪರಿಯಂತಹ ಖಾಡಿಯ ಮಗ್ಗುಲಿನ ಬಡಾವಣೆಗಳಲ್ಲಿ ವಾಸಿಸುವವರು ಮಳೆಗಾಲದಲ್ಲಿ ವಿಶೇಷವಾಗಿ ಕಾಯಬೇಕಾದ ಬಾಗಿಲು ಇನ್ನೊಂದಿದೆ. ಅದು ನಮ್ಮ ಚರ್ಮ.

ಗಾಯವಿಲ್ಲದ ಚರ್ಮ ಭದ್ರವಾದ ಕೋಟೆಯೇ ಸರಿ. ಆದರೆ ಹಿಮ್ಮಡಿಯ ಬಿರುಕು, ಚಪ್ಪಲಿ ಕಚ್ಚಿದ ಗಾಯ, ಕಣ್ಣಿಗೆ ಕಾಣದ ಗೀರು ಇವಿಷ್ಟೇ ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾಕ್ಕೆ ಸಾಕು. ಇದು ಇಲಿಗಳ ಮೂತ್ರಪಿಂಡದಲ್ಲಿ ನೆಲೆಸಿ, ಅವುಗಳ ಮೂತ್ರದೊಡನೆ ಹೊರಬಂದು, ನಿಂತ ನೀರನ್ನು ಸೇರುತ್ತದೆ. ಆ ನೀರಿನಲ್ಲಿ ನಡೆದವರ ರಕ್ತವನ್ನು ಹೊಕ್ಕು, ಪಿತ್ತಜನಕಾಂಗ, ಮೂತ್ರಪಿಂಡ, ಶ್ವಾಸಕೋಶಗಳವರೆಗೂ ಹಬ್ಬಬಲ್ಲದು. ಇದೇ ಇಲಿಜ್ವರ.

2005ರ ಜುಲೈ 26ರ ಮಹಾವೃಷ್ಟಿಯನ್ನು ಮುಂಬಯಿ, ಠಾಣೆ, ಕಲ್ಯಾಣಗಳ ಜನ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅಸಂಖ್ಯಾತ ಜನರು ಕೊಳಚೆ ಬೆರೆತ ನೀರಿನಲ್ಲಿಯೇ ನಡೆದು ಮನೆ ಸೇರಿದರು. ನೆರೆ ಇಳಿದ ಬಳಿಕ ಮುಂಬಯಿಯಲ್ಲಿ ಇಲಿಜ್ವರ ಹಬ್ಬಿತು. ಪ್ರವಾಹದಿಂದ ಪಾರಾದ ಕೆಲವರು ಈ ಜ್ವರಕ್ಕೆ ಬಲಿಯಾದರು.

ಈ ರೋಗದ ಮೋಸವಿರುವುದು ಅದರ ವಿಳಂಬದಲ್ಲಿ. ರೋಗಾಣು ಒಳಹೊಕ್ಕ ದಿನವೇ ಜ್ವರ ಬರುವುದಿಲ್ಲ; ಸಾಮಾನ್ಯವಾಗಿ 5ರಿಂದ 14 ದಿನಗಳು ಕಳೆಯುತ್ತವೆ. ಅಷ್ಟರಲ್ಲಿ ರಸ್ತೆ ಒಣಗಿರುತ್ತದೆ, ನೀರಿನಲ್ಲಿ ನಡೆದದ್ದು ಮರೆತಿರುತ್ತದೆ. ಚಳಿಜ್ವರ, ತಲೆನೋವು, ಮೀನಖಂಡಗಳ ನೋವು, ಕಣ್ಣು ಕೆಂಪಾಗುವುದು ಇದರ ಲಕ್ಷಣಗಳು. ಇದನ್ನು ಸಾಧಾರಣ ಜ್ವರವೆಂದು ಭಾವಿಸಿ, ಔಷಧದಂಗಡಿಯ ಮಾತ್ರೆ ನುಂಗಿ ಕಚೇರಿಗೆ ಲೋಕಲ್ ಹಿಡಿಯುವವರೇ ಹೆಚ್ಚು. ಕಾಮಾಲೆ ಕಾಣಿಸಿಕೊಂಡು ಮೂತ್ರ ಕಡಿಮೆಯಾಗುವ ವೇಳೆಗೆ ಅಪಾಯ ಬಲಿತಿರುತ್ತದೆ.

ಆದುದರಿಂದ ವಾಚಕರಲ್ಲಿ ನನ್ನ ವಿನಂತಿ ಇಷ್ಟೆ. ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಬೇಡಿರಿ. ಇಳಿಯುವುದು ಅನಿವಾರ್ಯವಾದರೆ ಗಾಯವನ್ನು ನೀರು ತಾಗದಂತೆ ಮುಚ್ಚಿ, ಮನೆ ಸೇರಿದೊಡನೆ ಸಾಬೂನಿನಿಂದ ಕಾಲು ತೊಳೆಯಿರಿ. ಅನಂತರ ವೈದ್ಯರನ್ನು ಕಂಡರೆ, ಮುನ್ನೆಚ್ಚರಿಕೆಯ ಮಾತ್ರೆ ಬೇಕೆ ಎಂಬುದನ್ನು ಅವರು ನಿರ್ಧರಿಸುತ್ತಾರೆ. ನೀರಿನಲ್ಲಿ ನಡೆದು ಒಂದು ತಿಂಗಳೊಳಗೆ ಜ್ವರ ಬಂದರೆ, ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ಆರಂಭದಲ್ಲಿಯೇ ಗುರುತಿಸಿದರೆ ಪ್ರತಿಜೈವಿಕ ಔಷಧಗಳಿಂದ ಗುಣವಾಗುವ ಕಾಯಿಲೆ ಇದು. ಆ ಒಂದು ಮಾತು ಜೀವವನ್ನು ಉಳಿಸಬಲ್ಲದು.