ಕುಮಾರ ಪರ್ವತ: ಇಳಿಯುವ ಲೆಕ್ಕ ಮೊದಲು

ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ಬರೀ ನೂರು ಚಿಲ್ಲರೆ ಮೀಟರ್ ಮೇಲಿದೆ. ಅಲ್ಲಿಂದ ಏರಬೇಕಾದ ಕುಮಾರ ಪರ್ವತದ ಎತ್ತರ 1,712 ಮೀಟರ್. ರಾಜ್ಯದ ಅತಿ ಎತ್ತರದ ಶಿಖರ ಇದಲ್ಲ. 1,930 ಮೀಟರಿನ ಮುಳ್ಳಯ್ಯನಗಿರಿ ಇದಕ್ಕಿಂತ ದೊಡ್ಡದು. ಆದರೆ ಅಲ್ಲಿ ನೆತ್ತಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಇಲ್ಲಿ ಒಂದೇ ದಿನದಲ್ಲಿ ಸುಮಾರು 1,600 ಮೀಟರ್ ಕಾಲಿನಲ್ಲೇ ಏರಬೇಕು, ಅಷ್ಟನ್ನೂ ಕಾಲಿನಲ್ಲೇ ಇಳಿಯಬೇಕು. ಹೋಗಿ ಬರುವ ದಾರಿ ಹತ್ತಿರಹತ್ತಿರ 26 ಕಿ.ಮೀ. ಕರ್ನಾಟಕದ ಕಠಿಣ ಚಾರಣಗಳ ಮಾತು ಬಂದಾಗಲೆಲ್ಲ ಈ ಹೆಸರು ಮೊದಲು ಕೇಳಿಬರುವುದು ಇದಕ್ಕೇ.

ಕೊಡಗಿನವರಿಗೆ ಇದು ಪುಷ್ಪಗಿರಿ. ಇಲ್ಲಿನ ವನ್ಯಜೀವಿಧಾಮ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ಹಾಗಾಗಿ ಮನಸ್ಸು ಬಂದಾಗ ಹೊರಟುಬಿಡುವ ಬೆಟ್ಟ ಇದಲ್ಲ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯಕ್ಕೆ ಸಾವಿರಾರು ಜನ ನುಗ್ಗಿ, ಕಾಲುದಾರಿಯಲ್ಲಿ ಸಾಲುಗಟ್ಟಿ ನಿಂತ ದೃಶ್ಯಗಳು ಎಲ್ಲೆಡೆ ಹರಿದಾಡಿದವು. ಅದಾದ ಮೇಲೆ ಸರ್ಕಾರ ಚಾರಣಗಳನ್ನು ತಡೆದು, ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಮುಂಗಡ ಬುಕ್ಕಿಂಗ್ ಜಾರಿಗೆ ತಂದಿತು. ಬೆಟ್ಟಕ್ಕೂ ಉಸಿರಾಡಲು ಬಿಡುವು ಬೇಕು, ಈ ಕಟ್ಟುಪಾಡು ಆಗಲೇಬೇಕಿತ್ತು. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯ. ಉಳಿಯುವುದು ಮಳೆ ನಿಂತ ಮೇಲಿನ ಕೆಲವೇ ತಿಂಗಳು. ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಷ್ಟರೊಳಗೆ ಇಳಿದಿರಬೇಕು ಎಂಬುದನ್ನು ಬುಕ್ಕಿಂಗ್ ಮಾಡುವಾಗಲೇ ಓದಿಕೊಳ್ಳಿ.

ಈಗ ಮುಖ್ಯ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಶಿಖರಕ್ಕೆ 13 ಕಿ.ಮೀ. ಎಂದರೆ ಸುಮಾರು ಐದೂಕಾಲು ಗಂಟೆ. ಆದರೆ ಇದು ಎಲ್ಲೂ ಕೂರದೆ ನಡೆಯುವ ಗಟ್ಟಿಗರ ಲೆಕ್ಕ. ಕರಾವಳಿ ಸೀಮೆಯ ಸೆಕೆ, ಬೆನ್ನ ಮೇಲಿನ ಭಾರ, ದಣಿವಾರಿಸಿಕೊಳ್ಳುವ ಹೊತ್ತು ಸೇರಿಸಿದರೆ ಏಳು ಗಂಟೆ ಹಿಡಿಯಬೇಕು. ಇಳಿಯಲು ಐದು ಗಂಟೆ. ಒಟ್ಟು ಹನ್ನೆರಡಾಯಿತು. ಡಿಸೆಂಬರಿನಲ್ಲಿ ಇಲ್ಲಿ ಬೆಳಕಿರುವುದೇ ಹನ್ನೊಂದೂವರೆ ಗಂಟೆ!

ಅಂದರೆ ಸಾಮಾನ್ಯ ನಡಿಗೆಯವರಿಗೆ ಹಗಲು ಸಾಲುವುದಿಲ್ಲ. ಯೋಜನೆ ಶುರುವಾಗಬೇಕಾದದ್ದು ಈ ಕೊರತೆಯಿಂದ. ಹತ್ತುವ ಆಸೆಯನ್ನು ಆಮೇಲೆ ನೋಡಿಕೊಳ್ಳೋಣ. ಎರಡು ತಿಂಗಳು ಮೊದಲಿನಿಂದಲೇ ಭಾರ ಹೊತ್ತು ಮೆಟ್ಟಿಲು ಹತ್ತಿ, ಇಳಿದು ಅಭ್ಯಾಸ ಮಾಡಿ. ಇಳಿಯುವುದನ್ನು ಮರೆಯಬೇಡಿ, ಈ ಬೆಟ್ಟ ಮಂಡಿಯನ್ನು ಪರೀಕ್ಷಿಸುವುದು ಸಂಜೆಯೇ. ಅಷ್ಟು ಕಸುವಿಲ್ಲ ಎನಿಸಿದರೆ ಸೋಮವಾರಪೇಟೆ ಕಡೆಯ ಬೀದಳ್ಳಿ ಇದೆ. ಹೊರಡುವುದೇ ಎತ್ತರದ ಊರಿನಿಂದ, ಶಿಖರಕ್ಕೆ ಸುಮಾರು 7 ಕಿ.ಮೀ. ಆ ದಾರಿಯಲ್ಲಿ ಬಂದವರು ಯಾರಿಗೂ ಕಡಿಮೆಯಲ್ಲ.

ಕುಕ್ಕೆಯ ದಾರಿ ಮೊದಲು ದಟ್ಟ ಕಾಡಿನೊಳಗೆ ಏರುತ್ತದೆ. ಅರ್ಧದ ಹತ್ತಿರ ಗಿರಿಗದ್ದೆ, ಚಾರಣಿಗರಿಗೆ ದಶಕಗಳಿಂದ ಅನ್ನ-ಸಾಂಬಾರು ಬಡಿಸಿದ ಭಟ್ಟರ ಮನೆ, ಅರಣ್ಯ ಇಲಾಖೆಯ ತಪಾಸಣೆ ಕಟ್ಟೆ. ಅದಾದ ಮೇಲೆ ನೆರಳೇ ಇಲ್ಲ, ಬರೀ ಹುಲ್ಲುಗಾವಲು, ನೆತ್ತಿ ಸುಡುವ ಬಿಸಿಲು. ತಲೆಗೆ ಟೋಪಿ, ಒಬ್ಬೊಬ್ಬರಿಗೂ ಮೂರು-ನಾಲ್ಕು ಲೀಟರ್ ನೀರು, ಉಪ್ಪು-ಸಕ್ಕರೆ ಬೆರೆಸಿದ ಪಾನಕ ಬೇಕೇ ಬೇಕು. ದಾರಿಯಲ್ಲಿ ಸಿಗುವ ಕಲ್ಲು ಮಂಟಪದ ಬಳಿಯ ನೀರು ಬೇಸಿಗೆ ಹತ್ತಿರವಾದಂತೆ ಬತ್ತುತ್ತದೆ, ಅದನ್ನೇ ನೆಚ್ಚಿಕೊಳ್ಳಬೇಡಿ. ಮೇಲೆ ಗಾಳಿ ತಣ್ಣಗಿರುತ್ತದೆ, ಬುಡಕ್ಕೂ ನೆತ್ತಿಗೂ ಹತ್ತು ಡಿಗ್ರಿಯಷ್ಟು ಅಂತರ. ತೆಳುವಾದ ಜಾಕೆಟ್ ಚೀಲದಲ್ಲಿರಲಿ.

ಕುಮಾರ ಪರ್ವತಕ್ಕೆ ಮೊದಲು ಸಿಗುವ ಶೇಷ ಪರ್ವತ ತಲುಪಿದವರಿಗೆ ಇನ್ನೇನು ಮುಗಿಯಿತು ಎನಿಸುತ್ತದೆ. ಮುಗಿದಿರುವುದಿಲ್ಲ. ದಾರಿ ಅಲ್ಲಿಂದ ಶೋಲಾ ಕಾಡಿನೊಳಕ್ಕೆ ಇಳಿಯುತ್ತದೆ. ಬಿಸಿಲು ನೆಲ ಮುಟ್ಟದ ಜಾಗ, ಬೇರುಗಳ ಮೇಲೆಲ್ಲ ಪಾಚಿ. ಮಳೆ ನಿಂತ ಹೊಸತರಲ್ಲಿ ಉಂಬಳಗಳು ಕಾಲ್ಚೀಲದ ಹೆಣಿಗೆಯ ಸಂದಿಯಲ್ಲೇ ನುಸುಳುತ್ತವೆ. ಕಾಡು ಮುಗಿಯುವಲ್ಲಿ ಓರೆಯಾಗಿ ಮಲಗಿದ ಬಂಡೆ, ಅದರ ಮೈಮೇಲೆ ನೀರು ಜಿನುಗುತ್ತಿರುತ್ತದೆ. ಕಪ್ಪಗೆ ಹೊಳೆಯುವ ಕಡೆ ಕಾಲಿಡದೆ, ಒಣಗಿ ಬೂದು ಬಣ್ಣಕ್ಕೆ ತಿರುಗಿದ ಕಡೆ ಇಡೀ ಪಾದ ಊರಿ, ಕೈಗೆ ಆಧಾರ ಸಿಕ್ಕ ಮೇಲೆಯೇ ಮುಂದಿನ ಹೆಜ್ಜೆ ಎತ್ತಬೇಕು. ಹತ್ತುವಾಗ ಸುಲಭವೆನಿಸಿದ ಇದೇ ಬಂಡೆ ದಣಿದ ಕಾಲಲ್ಲಿ ಇಳಿಯುವಾಗ ಬೇರೆಯೇ ಆಗಿರುತ್ತದೆ.

ಆದ್ದರಿಂದ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಬೆಳಗ್ಗೆ 6ಕ್ಕೆ ಹೊರಟ ತಂಡ ಮಧ್ಯಾಹ್ನ 12ಕ್ಕೆ ಶೇಷ ಪರ್ವತದ ಮೇಲಿರದಿದ್ದರೆ ಅಲ್ಲಿಂದಲೇ ಹಿಂದಿರುಗಬೇಕು. ಮೇಲೆ ಡೇರೆ ಹಾಕಿ ಉಳಿಯಲು ಅನುಮತಿಯಿಲ್ಲ, ಕತ್ತಲಾದ ಮೇಲೆ ಆನೆ ಓಡಾಡುವ ಕಾಡಿನಲ್ಲಿ ಇಳಿಯುವುದು ಧೈರ್ಯವೂ ಅಲ್ಲ. ಟಾರ್ಚು ಇಟ್ಟುಕೊಳ್ಳಿ, ಆದರೆ ಅದನ್ನು ನಂಬಿ ತಡಮಾಡಬೇಡಿ. ಹಿಂದಿರುಗುವ ಹೊತ್ತಿನ ಮಾತು ಎಲ್ಲರೂ ಚುರುಕಾಗಿರುವಾಗ ಬುಡದಲ್ಲೇ ಆಗಿಬಿಡಬೇಕು. ಶಿಖರ ಕಣ್ಣೆದುರು ನಿಂತಾಗ ಯಾರ ವಿವೇಕವೂ ನೆಟ್ಟಗಿರುವುದಿಲ್ಲ. ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಕೈಗೆ ಗಡಿಯಾರ ಕೊಡಿ, ಹಿಂದಿರುಗುವ ಮಾತನ್ನು ಅವರೇ ಹೇಳಲಿ, ಉಳಿದವರು ಎದುರಾಡದೆ ಒಪ್ಪಲಿ.