ಅತಿಥಿಗಳಾಗಿ ಬಂದ ಶ್ವಾನದ್ವಯ

ಒಡೆಯರು ಪರಸ್ಥಳಕ್ಕೆ ಹೊರಟಾಗ ಆಪ್ತರ ಮನೆಗೆ ಅತಿಥಿಗಳಾಗಿ ಬರುವ ನಾಯಿಗಳಲ್ಲಿ ಲ್ಯಾಬ್ರಡಾರ್ ಮತ್ತು ಮುಧೋಳಗಳಷ್ಟು ಪರಸ್ಪರ ವಿರುದ್ಧ ಸ್ವಭಾವದ ಜೋಡಿ ವಿರಳ. ಮೊದಲನೆಯದು ಹೊಸ್ತಿಲು ದಾಟುತ್ತಲೇ ಬಾಲದಿಂದ ಲೋಟಗಳನ್ನು ಉರುಳಿಸಿ, ಅಡುಗೆಮನೆಯ ಬಾಗಿಲಲ್ಲಿ ಬೀಡುಬಿಟ್ಟು, ಉಂಡ ಮರುಕ್ಷಣವೇ ಉಪವಾಸಿಯಂತೆ ಮೋರೆಮಾಡಿ ನಿಲ್ಲುವುದು. ಇದನ್ನು ಕೇವಲ ದುರಭ್ಯಾಸವೆಂದು ಹಳಿಯುವಂತಿಲ್ಲ, ಏಕೆಂದರೆ ಈ ತಳಿಯ ಸುಮಾರು ಕಾಲುಭಾಗದಷ್ಟು ನಾಯಿಗಳಲ್ಲಿ ಹಸಿವನ್ನು ನಿಯಂತ್ರಿಸುವ ಜೀನಿನಲ್ಲಿಯೇ ಲೋಪವಿರುವುದನ್ನು ಕೇಂಬ್ರಿಜ್ಜಿನ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ, ಬಾಗಲಕೋಟೆ ಸೀಮೆಯ ಮುಧೋಳವಾದರೋ, ದೃಷ್ಟಿಬಲದಿಂದ ಬೇಟೆಯಾಡುವ ಕುಲದ್ದು; ಗೋಡೆಗೆ ಬೆನ್ನುಕೊಟ್ಟು ಮನೆಯವರನ್ನು ದೂರದಿಂದಲೇ ಪರೀಕ್ಷಿಸುತ್ತ, ಅಪರಿಚಿತರ ಕೈ ತಲೆಯ ಮೇಲೆ ಬಂದೊಡನೆ ನೀಳವಾದ ಕತ್ತನ್ನು ಸರಕ್ಕನೆ ಹಿಂದೆಗೆಯುವುದು. ಅದನ್ನು ಮುದ್ದಿಸಲು ಆತುರಪಡದೆ, ಅದರ ಹಳೆಯ ಕಂಬಳಿಯನ್ನೇ ಮೂಲೆಯಲ್ಲಿ ಹಾಸಿ ಸುಮ್ಮನಿರುವುದು ಲೇಸು. ಎರಡನ್ನೂ ಮನೆಯೊಳಗೇ ಎದುರುಬದುರು ನಿಲ್ಲಿಸದೆ, ಮೊದಲು ಬೀದಿಯಲ್ಲಿ ತುಸು ಅಂತರವಿಟ್ಟು ಜೊತೆಯಾಗಿ ನಡೆಸಿ, ಊಟದ ತಟ್ಟೆಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇಡತಕ್ಕದ್ದು. ಹಗ್ಗ ಬಿಚ್ಚಿದ ಮುಧೋಳದ ಕಣ್ಣಿಗೆ ಬೆಕ್ಕೊಂದು ಬಿದ್ದಿತೋ, ಹೆಸರು ಹಿಡಿದು ಕೂಗುವುದು ವ್ಯರ್ಥ (ನೆರೆಯವರಿಗೆ ಮನರಂಜನೆಯಷ್ಟೆ!), ಆದುದರಿಂದ ಗೇಟಿನ ಅಗುಳಿಯನ್ನು, ಹಾಲಿನವನು ಬಂದುಹೋದ ಮೇಲೆಲ್ಲ, ಮತ್ತೊಮ್ಮೆ ನೋಡಿಕೊಳ್ಳಬೇಕು.